ಹಂಗಳದಲ್ಲಿ ಹೂಂಗುಟ್ಟಿದ್ದು

ಮೊಮ್ಮಗಳು ಪವಿತ್ರಾಳ ಜೊತೆ ಎರಡು ಬಸ್ಸು ಹತ್ತಿಳಿದು ಉಮ್ಮತ್ತೂರಿನಿಂದ ಹಂಗಳಕ್ಕೆ ಬಂದಿದ್ದೇನೆ. ಚೆಂಡುಹೂವಿನ ಹೊಲದ ಪಕ್ಕ, ಯಾರೂ ಹೆಸರು ಕೇಳದ ಹೊಸ ತಂಡಗಳ ಸಂಗೀತದ ಹಬ್ಬ. ಟ್ರಾಕ್ಟರಿನ ಟ್ರೈಲರೇ ವೇದಿಕೆ. ಮೂರನೆಯ ತಂಡದ ಹುಡುಗಿ, ಗಿಟಾರಿನ ಜೊತೆ ತಮಟೆ ಇಟ್ಟುಕೊಂಡು, ತನ್ನಜ್ಜಿಯ ಮನೆಗೆ ಆನೆ ಬಂದ ಕತೆ ಹಾಡತೊಡಗಿದಳು. ನನಗೆ ಹಿಗ್ಗೋ ಹಿಗ್ಗು. ಕತೆ ಹಾಡುವವರಿಗೆ ನಮ್ಮಲ್ಲಿ ಮಾಡುವಂತೆ ಸಾಲುಸಾಲಿಗೂ ‘ಹೂಂ’ ಎಂದೆ.

ಕೊರಳಿಗೆ ಬ್ಯಾಡ್ಜು ಹಾಕಿದ್ದವನೊಬ್ಬ ಬಂದ. “ಅಜ್ಜಿ, ಸದ್ದು ಮಾಡ್ಬೇಡಿ. ರೆಕಾರ್ಡಿಂಗ್ ನಡೀತಿದೆ.”

ಮೈಯೆಲ್ಲ ಉರಿದುಹೋಯಿತು. “ಹೂಂ ಅನ್ನೋರಿಲ್ದೆ ಕತೆ ಹೇಳುದ್ರೆ ಗೋಡೆಗೆ ಹೇಳ್ದಂಗೆ ಕಣಪ್ಪ. ಉಸ್ರು ಬುಡೋರು ಬ್ಯಾಡ ಅಂದ್ರೆ ನಮ್ಮನ್ಯಾಕೆ ಕೂರಿಸ್ಕಂಡ್ರಿ?”

“ಸುಮ್ಕಿರಜ್ಜಿ, ಮಾನ ಕಳೀಬ್ಯಾಡ” ಎಂದು ಪವಿತ್ರಾ ಸೆರಗು ಎಳೆದಳು. ಬಾಯಿ ಮುಚ್ಚಿದೆ.

ಎರಡು ಸಾಲು ಹಾಡುವಷ್ಟರಲ್ಲಿ ಹುಡುಗಿ ತಡವರಿಸಿದಳು. ಗಿಟಾರು ನಿಲ್ಲಿಸಿ ನನ್ನತ್ತ ಕೈಚಾಚಿ ಮೈಕಿನಲ್ಲೇ ಕೇಳಿದಳು: “ಯಾಕವ್ವ ನಿಲ್ಲಿಸ್ಬುಟ್ಟೆ? ಆನೆ ಇನ್ನೂ ಬಾಗ್ಲಲ್ಲೇ ನಿಂತದೆ. ಹೂಂ ಅನ್ನು, ಮುಂದ್ಕೆ ಓಗನ.”

ಬ್ಯಾಡ್ಜಿನವನ ಮುಖವನ್ನೇ ನೋಡುತ್ತ, ಹೊಲದಾಚೆಗೂ ಕೇಳುವಂತೆ ‘ಹೂಂ’ ಎಂದೆ.