ಗೀಟಿಲ್ಲದ ಬಿಲ್ಲೆ

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮನೆಯ ಧೂಳೆಲ್ಲ ಒಮ್ಮೆಲೇ ಕಾಣತೊಡಗಿದೆ. ಇಷ್ಟು ವರ್ಷ ಇದರ ನಡುವೆಯೇ ಡೀಸೆಂಟಾಗಿ ಬದುಕಿದ್ದೆನಲ್ಲ ಎಂದು ನಾಚಿಕೆಯಾಗಿ, ಮೊನ್ನೆ ಗಂಜಾಂನ ಈ ಎರಡು ಕೋಣೆಯ ಮನೆಯಲ್ಲಿ ಮಮ್ಮಿಯ ಬಟನ್ ಡಬ್ಬಿ ಸುರುವಿಕೊಂಡು ಕೂತೆ. ಬಟನ್ನುಗಳ ನಡುವಿನಿಂದ ಸೀಸದ ಬಿಲ್ಲೆಯೊಂದು ಉರುಳಿತು. ನೀವು ಇಂಥದ್ದನ್ನು ನೋಡಿರಲಾರಿರಿ. ಎಂಟಾಣೆಯಷ್ಟಗಲ, ಮೇಲೊಂದು ಬಟ್ಟಲಿನ ಚಿತ್ರ.

ಡ್ಯಾಡಿ ಮೈಸೂರಿನ ಒಂದು ಪ್ರೆಸ್ಬಿಟೇರಿಯನ್ ಚರ್ಚಿನ ಮಿನಿಸ್ಟರ್, ಅಂದರೆ ಪಾದ್ರಿ ಆಗಿದ್ದರು. ಹೊಣಕೆರೆಯ ಕಮ್ಮಾರರ ಮನೆಯಲ್ಲಿ ಹುಟ್ಟಿ, ಮಿಷನ್ ಹಾಸ್ಟೆಲಿನಲ್ಲಿ ಓದಿ, ಕುಲುಮೆಯ ಮಸಿಯ ಜೊತೆಗೆ ನಾಗಮಂಗಲದ ಮಾತನ್ನೂ ತೊಳೆದುಕೊಂಡವರು. ಪ್ರಸಂಗ ಮಾಡುವಾಗ ಹಕಾರಕ್ಕೆ ಅವರು ಕೊಡುತ್ತಿದ್ದ ಉಸಿರಿಗೆ ಎದುರಿನ ಮೇಣದಬತ್ತಿ ಆರಿಹೋಗಬೇಕಿತ್ತು. ಪುಣ್ಯಕ್ಕೆ ನಮ್ಮ ಚರ್ಚಿನಲ್ಲಿ ಮೇಣದಬತ್ತಿಯೂ ಪಾಪವೇ. ಊರು ಯಾವುದೆಂದರೆ "ಮೈಸೂರೇ" ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ, ಕರ್ತನ ಭೋಜನದ ದೊಡ್ಡ ಭಾನುವಾರಕ್ಕೆ ಮುಂಚೆ, ಅವರು ಸಭೆಯವರನ್ನು ಒಬ್ಬೊಬ್ಬರಾಗಿ ಕೂರಿಸಿ ಬೈಬಲ್ ಪರೀಕ್ಷೆ ಮಾಡುವರು. ಪಾಸಾದವರಿಗೆ ಒಂದು ಬಿಲ್ಲೆ. ಕೊಡುವ ಮುನ್ನ ಲೋಹ ಉಜ್ಜುವ ಸಣ್ಣ ಅರ ತೆಗೆದು ಅದರ ಅಂಚಿಗೊಂದು ಗೀಟು ಹಾಕುವರು. ಕಮ್ಮಾರಿಕೆಯಲ್ಲಿ ಅವರು ಉಳಿಸಿಕೊಂಡಿದ್ದು ಅಷ್ಟೇ. ಬಿಲ್ಲೆಯನ್ನು ಬಾಗಿಲಲ್ಲಿ ಒಪ್ಪಿಸಿದವರಿಗೆ ಮಾತ್ರ ಆ ಭೋಜನದ ರೊಟ್ಟಿ, ದ್ರಾಕ್ಷಾರಸ. ಹಳೇ ಬಿಲ್ಲೆಗಳನ್ನು ಕರಗಿಸಿ ಪ್ರತಿವರ್ಷ ಹೊಸದಾಗಿ ಎರಕ ಹೊಯ್ದು ತರುತ್ತಿದ್ದವನು ದೊಡ್ಡಪ್ಪ, ಡ್ಯಾಡಿಯ ಅಣ್ಣ. ಹಣೆಯ ವಿಭೂತಿಯೊಂದಿಗೆ ಹಿತ್ತಿಲ ಬಾಗಿಲಿನಿಂದ ಬಂದು, ಹಿತ್ತಿಲ ಬಾಗಿಲಿನಿಂದಲೇ ಹೋಗುವನು.

ಹದಿನಾರಕ್ಕೆ ನನ್ನ ಸರದಿ ಬಂತು. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಪ್ರಾರ್ಥನೆ ಮುಗಿದಾಗ ಮಾತ್ರ ಹಾಳು ಕೈ ತಾನಾಗಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆ ಗುರುತು ಹಾಕಿಬಿಟ್ಟಿತು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಕ್ಯಾಥೊಲಿಕ್ ಅಭ್ಯಾಸ, ನಮ್ಮವರಿಗೆ ವರ್ಜ್ಯ.

"ಇದು ರೋಮಿನವರದು," ಎಂದು ಡ್ಯಾಡಿ ಅರ ಕೆಳಗಿಟ್ಟರು. "ಮುಂದಿನ ವರ್ಷ ನೋಡೋಣ."

ಆ ಕಾನ್ವೆಂಟಿಗೆ ಸೇರಿಸಿದವರೂ ಅವರೇ. ಇಂಗ್ಲಿಷಿಗೆ ರೋಮ್ ಆದೀತು, ಮೋಕ್ಷಕ್ಕೆ ಆಗದು.

ಹಿತ್ತಿಲಲ್ಲಿ ಅಳುತ್ತಿದ್ದವಳ ಕೈಗೆ ದೊಡ್ಡಪ್ಪ ಬಿಲ್ಲೆಯೊಂದನ್ನು ತುರುಕಿದ. "ಅಳ್ಬ್ಯಾಡ ಕಣವ್ವ. ಅವ್ನು ಕೊಡ್ದಿದ್ರೆ ಓಗ್ಲಿ ಬುಡು, ಉಯ್ದೋನು ನಾನು. ನಂಗೂ ಒಂದ್ ಮಡೀಕಂಡಿವ್ನಿ. ಈ ಸಲ ನಾನೂ ಬತ್ತೀನಿ."

"ಗೀಟಿಲ್ವಲ್ಲ ದೊಡ್ಡಪ್ಪ?"

"ದ್ಯಾವ್ರು ಗೀಟ್ ನೋಡ್ತಾನಾ?"

ದೇವರು ನೋಡಲಿಲ್ಲ. ನಾನೋ ಬಿಲ್ಲೆಯನ್ನು ಮುಷ್ಟಿಯಲ್ಲಿ ಬೆವರಿಸಿಕೊಂಡು ಹಿಂದಿನ ಬೆಂಚಿನಲ್ಲೇ ಉಳಿದೆ. ದೊಡ್ಡಪ್ಪ ರುಮಾಲು ಸುತ್ತಿಕೊಂಡು, ತನ್ನದನ್ನು ಬಾಗಿಲಲ್ಲಿ ಗತ್ತಿನಿಂದ ಒಪ್ಪಿಸಿ, ಮುಂದಿನ ಬೆಂಚಿನಲ್ಲೇ ಕೂತ. ತಟ್ಟೆ ಬಂದಾಗ ರೊಟ್ಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡ. ಇನ್ನೊಂದು ಚೂರನ್ನು ಟವೆಲಿನ ತುದಿಗೆ ಗಂಟು ಕಟ್ಟಿದ. ಮನೆಯಲ್ಲಿ ದೊಡ್ಡಮ್ಮನಿಗೆ ಪ್ರಸಾದ ಬೇಡವೇ? ಮೇಜಿನ ಹಿಂದೆ ನಿಂತಿದ್ದ ಡ್ಯಾಡಿ ವಾಕ್ಯದ ಅರ್ಧದಲ್ಲಿ ನಿಂತುಬಿಟ್ಟರು.

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಗೀಟಿಲ್ಲದ ಬಿಲ್ಲೆಯನ್ನು ಹಿಡಿದುಕೊಂಡು ಬಂದರು. "ಅಯ್ಯನವರೇ, ಯಾರೀ ಮನುಷ್ಯ? ನಿಮಗೆ ಗೊತ್ತೇ?"

ಆ ವರ್ಷ ಡ್ಯಾಡಿ ನಮ್ಮ ಚರ್ಚುಗಳಿಗೆಲ್ಲ ಮುಖ್ಯಸ್ಥರಾದ ಮಾಡರೇಟರ್ ಆಗುತ್ತಾರೆಂದು ಎಲ್ಲರೂ ಹೇಳುತ್ತಿದ್ದರು. "ಗೊತ್ತಿಲ್ಲ" ಎಂಬ ಒಂದು ಮಾತು ಸಾಕಿತ್ತು. ಅವರು ಟವೆಲಿನ ಗಂಟನ್ನೇ ನೋಡುತ್ತಾ ನಿಂತರು. ಕೊನೆಗೆ ಹೇಳಿದರು: "ನಮ್ಮಣ್ಣ ಕಣ್ರೀ. ಒಣಕೆರೆಯೋನು. ನಾನೂ ಅಲ್ಲಿಯೋನೆಯ."

ಹಕಾರ ಎಲ್ಲಿ ಬಿದ್ದುಹೋಯಿತೋ.

ಮಾಡರೇಟರ್ ಬೇರೆಯವರಾದರು. ಹಳ್ಳಿಗಾಡಿನ ಆತ್ಮಗಳಿಗೆ ತಮ್ಮಂಥ ಪ್ರತಿಭಾವಂತರ ತುರ್ತು ಅಗತ್ಯವಿದೆಯೆಂದು ಡ್ಯಾಡಿಗೆ ಕಾಗದ ಬಂತು. ಅಲ್ಲಿಯವರೆಗೆ ಯಾರಿಗೂ ನೆನಪಾಗದಿದ್ದ ಆ ಆತ್ಮಗಳು ಕೆ.ಆರ್. ಪೇಟೆಯ ಹೆಂಚಿನ ಚರ್ಚಿನಲ್ಲಿ, ನಾಲ್ಕು ಬೆಂಚಿನ ಮೇಲೆ ಆಕಳಿಸುತ್ತಾ ಕೂತಿದ್ದವು. ಅಲ್ಲಿ ಬಿಲ್ಲೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಆದರೂ ತಟ್ಟೆ ಬಂದಾಗ ನಾನು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದೆ. ಅಣ್ಣನಿಗಾಗಿ ಸಿಟಿಯನ್ನೇ ಬಿಟ್ಟವರು ಮಗಳಿಗೊಂದು ಬಿಲ್ಲೆ ಬಿಟ್ಟುಕೊಡಲಿಲ್ಲವಲ್ಲ! ಡ್ಯಾಡಿ ನೋಡುತ್ತಿದ್ದರು, ನಾನು ಹೆಂಚು ಎಣಿಸುತ್ತಿದ್ದೆ. ನನ್ನ ಹಟವೂ ಅದೇ ಕುಲುಮೆಯದು. ರಿಟೈರಾಗಿ ಪಾಂಡವಪುರದಲ್ಲಿ ಅವರು ತೀರಿಕೊಂಡ ಮೇಲೂ ತಟ್ಟೆ ದಾಟಿಸುವುದನ್ನು ನಾನು ನಿಲ್ಲಿಸಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ "ಶುಗರ್" ಎನ್ನುತ್ತಿದ್ದೆ.

ಮೈಸೂರಿನ ಆ ಭಾನುವಾರ ಬಿಲ್ಲೆಯನ್ನು ಮಮ್ಮಿಯ ಡಬ್ಬಿಗೆ ಎಸೆದವಳು ಮತ್ತೆ ಅದನ್ನು ಮುಟ್ಟಿರಲಿಲ್ಲ. ಮೊನ್ನೆ, ಈ ಹೊಸ ಕಣ್ಣಿನಲ್ಲಿ, ಬೆಳಕಿಗೆ ಹಿಡಿದು ತಿರುಗಿಸಿದೆ.

ಅಂಚಿನಲ್ಲಿ ಒಂದು ಗೀಟಿತ್ತು.

ನಮ್ಮ ಮನೆಯಲ್ಲಿ ಇದ್ದಿದ್ದು ಒಂದೇ ಅರ, ಡ್ಯಾಡಿಯದು. ಯಾವಾಗ ಹಾಕಿದರೋ, ಯಾವ ಷರ್ಟಿನ ಬಟನ್ ಹುಡುಕುವ ನೆವದಲ್ಲೋ. ವಾರವಾರವೂ ನಲವತ್ತು ನಿಮಿಷ ಮಾತಾಡುತ್ತಿದ್ದ ಮನುಷ್ಯ ಇದೊಂದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕಳೆದ ಭಾನುವಾರ ಇಲ್ಲಿಯ ಚರ್ಚಿನಲ್ಲಿ ತಟ್ಟೆ ಬಂತು. ನನ್ನ ಅಭ್ಯಾಸ ಗೊತ್ತಿದ್ದ ಪಕ್ಕದ ಮನೆಯ ಗ್ರೇಸಿ ಆಗಲೇ ಕೈ ಚಾಚಿದ್ದಳು. "ತಡಿಯೇ" ಎಂದು ಒಂದು ಚೂರು ರೊಟ್ಟಿ ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡೆ. ಹಾಳು ಕೈ, ಶಿಲುಬೆ ಗುರುತನ್ನೂ ಹಾಕಿತು. ಹಾಕಿಕೊಳ್ಳಲಿ ಎಂದು ಬಿಟ್ಟೆ.

"ಏನಾಂಟಿ ಇವತ್ತು?" ಗ್ರೇಸಿ ಪಿಸುಗುಟ್ಟಿದಳು. "ಶುಗರ್?"

ಪರ್ಸಿನೊಳಗಿನ ಬಿಲ್ಲೆಯ ಅಂಚನ್ನು ಉಗುರಿನಿಂದ ಸವರುತ್ತಾ ಹೇಳಿದೆ: "ಪಾಸಾದೆ ಕಣೇ."