ಡ್ರಾಫ್ಟಿಗೊಂದು ಸಾಕ್ಷಿ

ನನ್ನ ಸೋದರತ್ತೆ ನಿಘಂಟು ಮಾಡುವವಳು. ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಕೊಡುವ ದಪ್ಪ ದಪ್ಪ ಸಂಪುಟಗಳಿಗೆ ಇಪ್ಪತ್ತೆರಡು ವರ್ಷ ಜೀವ ತೇಯ್ದವಳು. ಅವಳದೊಂದು ಕಾನೂನು: ಒಂದು ಅರ್ಥಕ್ಕೆ ಒಂದು ಚೀಟಿ. ಆ ಪದವನ್ನು ದಿನವೂ ಕೆಲಸದಲ್ಲಿ ಬಳಸುವ ಯಾರಾದರೂ ಚೀಟಿಯ ಹಿಂದೆ ಸಾಕ್ಷಿ ಸಹಿ ಹಾಕಬೇಕು. ಸಹಿಯಿಲ್ಲದ ಅರ್ಥ ನೇರ ಕಸದ ಬುಟ್ಟಿಗೆ. ಈ ಹಟಕ್ಕೆ ಕಚೇರಿಯವರೆಲ್ಲ ಸುಸ್ತು. ಅವಳನ್ನು ಸ್ಕೂಟರಿನಲ್ಲಿ ಹೊತ್ತು ಊರೆಲ್ಲ ತಿರುಗುವ ನಾನಂತೂ ಹಣ್ಣಾಗಿದ್ದೆ.

ಡಿ ಅಕ್ಷರದ ಸಂಪುಟ ಅಚ್ಚಿಗೆ ಹೋಗುವ ದಿನ. ಹನ್ನೆರಡಕ್ಕೆ ಯಂತ್ರ ಶುರು. ಹನ್ನೊಂದಕ್ಕೆ ಸಂಪಾದಕರು 'ಡ್ರಾಫ್ಟ್' ಪದದ ಚೀಟಿಗಳನ್ನು ಹಿಡಿದು ಬಂದರು. ಕರಡು ಪ್ರತಿಗೆ ವಕೀಲರ ಗುಮಾಸ್ತನ ಸಹಿ, ಬ್ಯಾಂಕಿನ ಡ್ರಾಫ್ಟಿಗೆ ಕ್ಯಾಷಿಯರ್ ಸಹಿ, ಹಡಗು ನೀರಿನಲ್ಲಿ ಮುಳುಗುವ ಆಳಕ್ಕೆ ನಾವಿಕನೊಬ್ಬನ ಸಹಿ. ಉಳಿದದ್ದು 'ಬೀಸುವ ಗಾಳಿ'. ಅದರ ಬೆನ್ನು ಖಾಲಿ!

"ಮೇಡಂ, ನಿಮ್ಮದೇ ಕಾನೂನು. ಹೊಡೆದುಹಾಕ್ಲಾ?" ಸಂಪಾದಕರ ಮುಖದಲ್ಲಿ ಎಂಥ ಖುಷಿ ಅಂತೀರಿ!

"ಅಯ್ಯೋ ನನ್ನ ಬುದ್ಧಿಗಿಷ್ಟು!" ಅತ್ತೆ ಹಣೆ ಚಚ್ಚಿಕೊಂಡಳು. "ಯಾವ್ದೋ ಹಳೇ ಪುಸ್ತಕ ನೋಡಿ ಬರೆದುಬಿಟ್ಟಿದ್ದೆ ಕಣೇ. ಗಾಳೀನೇ ಇಲ್ದೆ ಈ ಪದ ಅಚ್ಚಾದ್ರೆ ನಾನು ಮತ್ತೆ ಈ ಮೆಟ್ಟಿಲು ಹತ್ತೋದಿಲ್ಲ. ಏಳೇ, ಗಾಡಿ ತೆಗಿ!"

ದೊಡ್ಡ ಒಲೆ ಉರಿಸುವವರ ಬಾಯಲ್ಲಿ ಈ ಪದ ಇದ್ದೇ ಇರುತ್ತದೆಂದು ಬಟ್ಟೆ ಒಗೆಯುವ ಕಾರ್ಖಾನೆಯ ಹಿಂಬದಿಗೆ ನುಗ್ಗಿದೆವು. ಅಲ್ಲಿ ಆಳೆತ್ತರದ ಬಾಯ್ಲರ್. ಅದಕ್ಕೆ ಸೌದೆ ಹಾಕುತ್ತಿದ್ದ ಬಾಯ್ಲರಿನವರು ನಮ್ಮನ್ನು ನೋಡಿ ಬೆಚ್ಚಿದರು.

"ಯಜಮಾನ್ರೇ, ಡ್ರಾಫ್ಟ್ ಅಂತ ನೀವು ಹೇಳ್ತೀರಾ?"

"ದಿನಾ ಬೆಳಗ್ಗೆ ಅದರದ್ದೇ ಜಪ ಅಮ್ಮ. ಡ್ರಾಫ್ಟ್ ಬರ್ಲಿಲ್ಲ ಅಂದ್ರೆ ಒಲೆ ಹತ್ತೋದೇ ಇಲ್ಲ."

ಅತ್ತೆ ಕುಣಿಯುವುದೊಂದು ಬಾಕಿ. ಚೀಟಿ ಮುಂದೆ ಹಿಡಿದಳು. ಅವರು ಓದಿ ಹೋ ಎಂದು ನಕ್ಕರು. "ಬೀಸೋದಾ? ಯಾರಮ್ಮ ಹಿಂಗೆ ಬರೆದ ಪುಣ್ಯಾತ್ಮರು? ಬನ್ನಿ ಇಲ್ಲಿ."

ಒಲೆಯ ಬಾಗಿಲನ್ನು ಗೇಣಗಲ ತೆರೆದರು. ಅತ್ತೆ ಚೀಟಿ ಹಿಡಿದ ಕೈಯನ್ನು ಹತ್ತಿರ ಒಯ್ದಳು. ಅಷ್ಟೇ! ಚೀಟಿ ಬೆರಳಿನಿಂದ ಕಿತ್ತುಕೊಂಡು ಸುರ್ರನೆ ಒಳಗೆ ಹೋಯಿತು, ಉರಿಯಿತು, ಬೂದಿಯಾಯಿತು.

"ಕಂಡ್ರಾ? ಯಾರೂ ಬೀಸ್ಲಿಲ್ಲ. ಮೇಲೆ ಚಿಮಣಿ ಐತಲ್ಲ, ಅದು ಎಳ್ಕೊಂತು."

ಇದ್ದ ಒಂದು ಚೀಟಿಯೂ ಹೋಯಿತು, ಗಂಟೆ ಹನ್ನೊಂದೂವರೆ! ಅತ್ತೆಯೋ, ಖಾಲಿ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಚಿಕ್ಕ ಹುಡುಗಿಯ ಹಾಗೆ ಕಿರುಚಿದಳು: "ಎಳೀತು ಕಣೇ! ನನ್ನ ಕೈಯಿಂದಾನೇ ಎಳ್ಕೊಂಡು ಹೋಯ್ತು! ಇನ್ನೊಂದ್ಸಲ ತೆಗೀರಿ ಯಜಮಾನ್ರೇ!"

ಒಗೆಯುವ ಬಟ್ಟೆಯ ರಸೀದಿ ಹಾಳೆಯೊಂದನ್ನು ಹರಿದು, ಅವರು ಹೇಳಿಕೊಟ್ಟ ಅರ್ಥವನ್ನೇ ಬರೆದುಕೊಂಡಳು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮಸಿ ಹತ್ತಿದ ಆ ಹಾಳೆ ಸಂಪಾದಕರ ಕೈಗೆ ಬಂತು: 'ಒಲೆಯೊಳಕ್ಕೆ ಗಾಳಿಯ ಎಳೆತ.'

"ಚೆನ್ನಾಗಿದೆ. ನಿಮ್ಮದಾ?"

"ನಂದು ತಪ್ಪಿತ್ತು, ಸುಟ್ಟುಹೋಯ್ತು. ಇದು ಬಾಯ್ಲರಿನವರದ್ದು. ನಾನು ಬರೀ ಕಣ್ಣಾರೆ ಕಂಡವಳು."

ಸಂಪಾದಕರು ಹಾಳೆ ತಿರುಗಿಸಿ ನೋಡಿದರು. ಇಪ್ಪತ್ತೆರಡು ವರ್ಷ ಕಂಡಕಂಡವರಿಂದ ಸಹಿ ಹಾಕಿಸಿದವಳು, ಮೊದಲ ಬಾರಿಗೆ ಸಾಕ್ಷಿಯ ಜಾಗದಲ್ಲಿ ತನ್ನ ಸಹಿ ಹಾಕಿದ್ದಳು.