ಜಾರಿಯಾಗದ ನೋಟಿಸು

ನಮ್ಮ ಮೊಂಟೆಸ್ಪಿನೊದಲ್ಲಿ ವಕೀಲರೆಂದರೆ ದೋನ್ ಜೆರ್ವಾಸಿಯೊ ಒಬ್ಬರೇ. ಇನ್ನೊಬ್ಬರು ಬೇಕೆಂದರೆ ಹೇಸರಗತ್ತೆಯ ಮೇಲೆ ಎರಡು ದಿನ ಹೋಗಬೇಕು. ಅವರ ಕರಿಗೌನನ್ನು ಒಗೆದು ಇಸ್ತ್ರಿ ಮಾಡುತ್ತಿದ್ದವಳು ನಾನು. ಮುಂದೆ ಅವರು ಮೇಯರ್ ಆದಾಗ ಮೂರು ಬಣ್ಣದ ನಡುಪಟ್ಟಿಯೂ ನನ್ನ ಪಾಲಿಗೇ ಬಂತು.

ಎಲ್ಲದಕ್ಕೂ ಮೂಲ ವಿಧವೆ ಕಾರ್ಮೊಸಿನಳ ಭಟ್ಟಿ, ಊರಿಗೆಲ್ಲ ರೊಟ್ಟಿ ಬೇಯುತ್ತಿದ್ದ ಒಂದೇ ಒಲೆ. ಊರಿನವರು ಹಿಟ್ಟು ನಾದಿ, ಉಂಡೆಯ ಮೇಲೆ ತಮ್ಮ ಮನೆಯ ಮರದ ಅಚ್ಚು ಒತ್ತಿ ಅವಳಿಗೆ ಕೊಡುತ್ತಿದ್ದರು. ಬೆಂದ ಮೇಲೆ ಅಚ್ಚು ನೋಡಿ ಅವರವರ ರೊಟ್ಟಿ ಅವರವರಿಗೆ. ಆ ಭಟ್ಟಿಯ ಬೆನ್ನು ಬೀದಿಗೆ ಮೂರು ಗೇಣು ಚಾಚಿತ್ತು. ಸಾರೋಟು ಹೋಗುವಷ್ಟು ಬೀದಿ ಅಗಲವಾಗಬೇಕೆಂದು ಪುರಸಭೆ ಅದನ್ನು ಕೆಡವಲು ದಾವೆ ಹೂಡಿತು. ಊರಿನಲ್ಲಿ ಯಾರಿಗೂ ಸಾರೋಟು ಇರಲಿಲ್ಲ.

ಕಾರ್ಮೊಸಿನ ಅಳುತ್ತ ಬಂದಳು. ದೋನ್ ಜೆರ್ವಾಸಿಯೊ ಸಂತ ರೊಕ್ಕೊನ ಪಟದ ಮುಂದೆ ಆಣೆಯಿಟ್ಟು ಅವಳ ವಕಾಲತ್ತು ವಹಿಸಿಕೊಂಡರು. ಮರುವಾರವೇ ಹಳೆಯ ಮೇಯರ್ ಅತಿಯಾಗಿ ಅಂಜೂರ ತಿಂದು ತೀರಿಕೊಂಡರು. ಪುರಸಭೆಯವರು ಇವರನ್ನೇ ಮೇಯರ್ ಮಾಡಿದರು. ಅದೇ ಪಟದ ಮುಂದೆ ಇವರು ಊರಿನ ಪರ ನಿಲ್ಲುವೆನೆಂದೂ ಆಣೆಯಿಟ್ಟರು.

“ಒಂದನ್ನ ಬಿಡಿ,” ಎಂದರು ನ್ಯಾಯಾಧೀಶರು.

“ಎರಡೂ ಆಣೆ ಒಬ್ಬನೇ ಸಂತನ ಮುಂದೆ ಇಟ್ಟಿದ್ದು ಸ್ವಾಮಿ. ಯಾವುದು ಸುಳ್ಳು ಅಂತ ಅವನಿಗೆ ಹೇಳ್ಲಿ?”

ನ್ಯಾಯಾಧೀಶರು ಕಾನೂನಿನ ಪುಸ್ತಕ ತಿರುವಿ ನೋಡಿದರು. ಇಂಥದ್ದು ಕೂಡದೆಂದು ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಹೀಗೆ ಬೆಳಗ್ಗೆ ಮೇಯರ್ ನಡುಪಟ್ಟಿ ಕಟ್ಟಿ ಊರಿನ ಪರ ವಾದಿಸಿದರೆ, ಮಧ್ಯಾಹ್ನ ಗೌನು ತೊಟ್ಟು ಕಾರ್ಮೊಸಿನಳ ಪರ. ತಮಗೆ ತಾವೇ ಅಂಚೆಯಲ್ಲಿ ಕಾಗದ ಹಾಕಿ, ಬಂದದ್ದನ್ನು ಓದಿ ಕೆಂಡವಾಗುತ್ತಿದ್ದರು.

“ಈ ಮೇಯರ್ ಮಹಾ ಕಿಲಾಡಿ ಕಣೆ ಲಿಬೆರಾತಾ,” ಎಂದರು ಒಮ್ಮೆ ನನ್ನ ಹತ್ತಿರ. “ನಾನೇನು ಯೋಚ್ನೆ ಮಾಡ್ತೀನಿ ಅಂತ ಅವನಿಗೆ ಮೊದ್ಲೇ ಗೊತ್ತಾಗತ್ತೆ.”

ವ್ಯಾಜ್ಯದ ಭಟ್ಟಿಯ ರೊಟ್ಟಿಯನ್ನು ಮೇಯರ್ ಮುಟ್ಟಬಾರದೆಂದು ಮೇಯರೇ ಆಜ್ಞೆ ಹೊರಡಿಸಿದ್ದರು. ಹಸಿವಾದರೆ ಪಟ್ಟಿಯನ್ನು ಗೂಟಕ್ಕೆ ಹಾಕಿ, ವಕೀಲರಾಗಿ ತಿಂದು, ಬಾಯಿ ಒರೆಸಿಕೊಂಡು ಮತ್ತೆ ಮೇಯರ್ ಆಗುತ್ತಿದ್ದರು.

ಕೊನೆಗೆ ಊರೇ ಗೆದ್ದಿತು. ನೋಟಿಸು ಕಾರ್ಮೊಸಿನಳ ವಕೀಲರ ಕೈಗೆ ಜಾರಿಯಾದ ಮೂವತ್ತನೆಯ ದಿನ ಭಟ್ಟಿ ಕೆಡವತಕ್ಕದ್ದು ಎಂದು ತೀರ್ಪಾಯಿತು. ಕೋರ್ಟಿನ ಅಮೀನ ಕತಾಲ್ದೊ ನೋಟಿಸು ಹಿಡಿದು ಪುರಸಭೆಗೆ ಹೋದ.

“ವಕೀಲರು ಇದ್ದಾರಾ?”

“ಇಲ್ಲಪ್ಪ, ನಾನು ಮೇಯರ್,” ಎಂದರು ದೋನ್ ಜೆರ್ವಾಸಿಯೊ, ಪಟ್ಟಿ ಸರಿಮಾಡಿಕೊಳ್ಳುತ್ತ.

ಅಂದಿನಿಂದ ಅವರು ಪಟ್ಟಿ ಬಿಚ್ಚಲಿಲ್ಲ. ಮಲಗುವಾಗಲೂ ಇಲ್ಲ, ಪೂಜೆಗೆ ಚರ್ಚಿನಲ್ಲಿ ಮೊಣಕಾಲೂರಿದಾಗಲೂ ಇಲ್ಲ. ಮೈಮೇಲಿದ್ದಂತೆಯೇ ನಾನದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಗೌನಿಗೆ ನುಸಿ ಹಿಡಿಯಿತು. ಪಟ್ಟಿ ಇರುವವರೆಗೆ ರೊಟ್ಟಿಯೂ ಇಲ್ಲ. ಹನ್ನೊಂದು ವರ್ಷ ಬೇಯಿಸಿದ ಅವರೆಕಾಳು ತಿಂದೇ ಕಳೆದರು.

“ಆ ಆಜ್ಞೆ ವಾಪಸ್ ತಗೊಳ್ಳಿ ಯಜಮಾನ್ರೇ,” ಎಂದೆ.

“ಆ ಮೇಯರ್ ಒಪ್ಪಲ್ಲ ಬಿಡು. ಹಟಮಾರಿ.”

ಅಂಜೂರದ ಕಾಲದಲ್ಲಿ ಅವರು ತೀರಿಕೊಂಡರು. ಮೈ ತೊಳೆಯಲು ನಾನೇ ಪಟ್ಟಿ ಬಿಚ್ಚಿದೆ, ಒಗೆದೆ, ಇಸ್ತ್ರಿಗೆ ಹಾಸಿದೆ. ಅಷ್ಟರಲ್ಲಿ ಕತಾಲ್ದೊ ಬಾಗಿಲಿಗೆ ಬಂದ. ಕೈಯಲ್ಲಿ ಹಳದಿಗಟ್ಟಿದ ಅದೇ ನೋಟಿಸು.

“ಮಣ್ಣಾಗೋಕೆ ಮುಂಚೆ ಕೈಗಿಟ್ರೆ ಜಾರಿಯಾದ ಹಾಗೇ ಅಂತೆ ಲಿಬೆರಾತಕ್ಕ. ನನ್ನ ಕೆಲ್ಸ, ಏನ್ಮಾಡ್ಲಿ? ಸ್ವಲ್ಪ ನೋಡಿ ಹೇಳು, ಒಳಗಿರೋರು ಯಾರು?”

ಕಾರ್ಮೊಸಿನ ಕೋಣೆಯ ಮೂಲೆಯಲ್ಲಿ ನಿಂತಿದ್ದಳು, ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ರೊಟ್ಟಿ. ಅದರ ಮೇಲೆ ದೋನ್ ಜೆರ್ವಾಸಿಯೊ ಮನೆಯ ಅಚ್ಚು. ನಾನು ಒದ್ದೆ ಪಟ್ಟಿಯನ್ನೇ ತಂದು ಅವರ ನಡುವಿಗೆ ಬಿಗಿದು ಕಟ್ಟಿದೆ.

“ಮೇಯರ್ರು,” ಎಂದೆ.

“ಹಾಗಾದ್ರೆ ವಕೀಲರು ಯಾವಾಗ ಬರ್ತಾರೆ?”

“ದೇವರಿಗೆ ಗೊತ್ತು.” ಅದು ಸುಳ್ಳಲ್ಲ.

ಅವನು ನೋಟಿಸನ್ನು ಮಡಚಿ ಜೇಬಿಗಿಟ್ಟು ಟೋಪಿ ತೆಗೆದ. ಕಾರ್ಮೊಸಿನ ರೊಟ್ಟಿಯನ್ನು ಅವರ ಎದೆಯ ಮೇಲೆ ಇಡಲು ಹೋದಳು. ನಾನು ಅವಳ ಕೈ ಹಿಡಿದೆ.

“ಬೇಡಮ್ಮ. ಪಟ್ಟಿ ಕಟ್ಟಿದೆ.”

ರೊಟ್ಟಿಯನ್ನು ಮುರಿದು ನಾವೇ ತಿಂದೆವು. ಕತಾಲ್ದೊ ಎರಡು ತುಂಡು ತಿಂದ.